ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯುವುದು ಹೇಗೆ: ಮೊದಲ ಮಾತುಕತೆಯಿಂದ ಡಿಕ್ರಿವರೆಗೆ, ಅಂದರೆ ಕೋರ್ಟಿನ ಕೊನೆಯ ಆದೇಶದವರೆಗೆ

ಮೂರು ವರ್ಷದ ಹಿಂದೆ ನನ್ನ ತಂಗಿ ಮತ್ತು ಅವಳ ಗಂಡ ಬೇರೆಯಾಗುವ ತೀರ್ಮಾನಕ್ಕೆ ಬಂದರು. ಅಷ್ಟೊತ್ತಿಗೆ ಜಗಳವೆಲ್ಲ ಮುಗಿದಿತ್ತು, ಇಬ್ಬರಿಗೂ ಸುಸ್ತಾಗಿತ್ತು. "ಅಕ್ಕಾ, ಇಬ್ಬರೂ ಒಪ್ಪಿದ್ದೀವಿ, ಒಂದು ಸೈನ್ ಹಾಕಿದ್ರೆ ಮುಗೀತಲ್ವಾ?" ಅಂತ ಕೇಳಿದಳು. ನಾನೂ ಹಾಗೇ ಅಂದುಕೊಂಡಿದ್ದೆ.

ನ್ಯಾಯಾಧೀಶರ ಮುಂದೆ ಅವರಿಬ್ಬರು ನಿಂತ ಹೊತ್ತು ಎಲ್ಲ ಸೇರಿಸಿದರೆ ಅರ್ಧ ಗಂಟೆ ಆಗಿರಬಹುದು. ಅದಕ್ಕೆ ಮೊದಲು ಒಪ್ಪಂದ ಬರೆಯುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಹಾಗೆ ಬರೆದದ್ದರಲ್ಲೂ ಒಂದೆರಡು ತಪ್ಪಾಯಿತು. ಇಬ್ಬರೂ ಒಪ್ಪಿದ ವಿಚ್ಛೇದನದಲ್ಲಿ ನಿಜವಾದ ಕೆಲಸ ಇರುವುದು ಆ ಕಾಗದದಲ್ಲಿ. ಕೋರ್ಟು ನೋಡುವುದು ನೀವು ಏನು ಬರೆದಿದ್ದೀರಿ, ಮನಸ್ಸಿಟ್ಟು ಒಪ್ಪಿದ್ದೀರಾ ಅನ್ನುವುದನ್ನು. ಬರೆಯದೆ ಬಿಟ್ಟದ್ದನ್ನು ಆಮೇಲೆ ಯಾರೂ ಕೊಡಿಸುವುದಿಲ್ಲ. ಈ ದಾರಿಯಲ್ಲಿ ಇರುವವರಿಗೆ, ಅವರ ಪಕ್ಕ ನಿಂತಿರುವ ಅಕ್ಕ ಅಣ್ಣ ಅಪ್ಪ ಅಮ್ಮಂದಿರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ "ಒಪ್ಪಿಗೆಯಿಂದ ಮುಗಿಸಿಬಿಡೋಣ" ಅಂತ ಅವಸರ ಮಾಡಬೇಡಿ. ಭಯದಿಂದ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112. ಉಳಿದದ್ದು ಆಮೇಲೆ.

ಬಾಂಡ್ ಪೇಪರ್ ವಿಚ್ಛೇದನ ಅಲ್ಲ

ಇಪ್ಪತ್ತು, ನೂರು ರೂಪಾಯಿಯ ಬಾಂಡ್ ಪೇಪರಿನಲ್ಲಿ "ಇನ್ನು ಮುಂದೆ ನಮಗೂ ಅವರಿಗೂ ಸಂಬಂಧವಿಲ್ಲ" ಅಂತ ಬರೆಸಿ, ನೋಟರಿ ಮುದ್ರೆ ಒತ್ತಿಸಿ, ಹಿರಿಯರ ಸಹಿ ಹಾಕಿಸಿಕೊಂಡು ಮುಗಿಯಿತು ಅಂದುಕೊಳ್ಳುವವರು ಈಗಲೂ ಜಾಸ್ತಿ. ಅದರಿಂದ ಮದುವೆ ಮುರಿಯುವುದಿಲ್ಲ. ಕೆಲವು ಸಮುದಾಯಗಳಲ್ಲಿ ಪದ್ಧತಿಯ ಪ್ರಕಾರ ಬಿಡುಗಡೆ ಪತ್ರ ಕೊಡುವ ರೂಢಿ ಉಂಟು. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 29 ಅಂಥ ಪದ್ಧತಿಯನ್ನು ಉಳಿಸಿಯೂ ಇದೆ. ಆದರೆ ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ, ಆ ಪದ್ಧತಿ ನಿಮ್ಮ ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದಿದೆ ಅಂತ ನೀವೇ ಸಾಬೀತು ಮಾಡಬೇಕು. ಅದು ಸುಲಭದ ಮಾತಲ್ಲ. ಬಾಂಡ್ ಪೇಪರ್ ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆ ಅಸಿಂಧು. ಜೊತೆಗೆ ಅದು ಅಪರಾಧವೂ ಹೌದು. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 82ರಲ್ಲಿ ಅದಕ್ಕೆ 7 ವರ್ಷದವರೆಗೆ ಶಿಕ್ಷೆ ಇದೆ.

ಹಂತ 1: ನಿಮಗೆ ಯಾವ ಕಾಯ್ದೆ, ಒಂದು ವರ್ಷ ಆಗಿದೆಯಾ

ಹಿಂದೂ ವಿವಾಹ ಕಾಯ್ದೆ 1955ರದು. ವೀರಶೈವರು, ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರು ಎಲ್ಲರೂ ಇದರ ಕೆಳಗೇ ಬರುತ್ತಾರೆ. ಇಬ್ಬರ ಒಪ್ಪಿಗೆಯ ವಿಚ್ಛೇದನಕ್ಕೆ ಇರುವುದು ಸೆಕ್ಷನ್ 13ಬಿ. 1955ರಲ್ಲಿ ಅದು ಇರಲಿಲ್ಲ, 1976ರ ತಿದ್ದುಪಡಿಯಲ್ಲಿ ಬಂತು. ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಆ ಕಾಯ್ದೆಯ ಸೆಕ್ಷನ್ 28. ಕ್ರಮ ಹೆಚ್ಚುಕಡಿಮೆ ಒಂದೇ. ಕ್ರೈಸ್ತರಿಗೆ ವಿಚ್ಛೇದನ ಕಾಯ್ದೆಯ ಸೆಕ್ಷನ್ 10ಎ ಇದೆ. ಮುಸ್ಲಿಮರಲ್ಲಿ ಇಬ್ಬರೂ ಒಪ್ಪಿ ಬೇರೆಯಾಗುವುದಕ್ಕೆ ಮುಬಾರಾತ್ ಅನ್ನುವ ಕ್ರಮ ಇದೆ. ಇಲ್ಲಿಂದ ಮುಂದೆ ನಾನು ಹೇಳುವುದು 13ಬಿ ಬಗ್ಗೆ.

ಈ ಸೆಕ್ಷನ್ ಕೇಳುವುದು ಮೂರು ಸಂಗತಿ. ಅರ್ಜಿ ಹಾಕುವ ಮೊದಲು ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇರೆ ಬೇರೆ ಇದ್ದಿರಬೇಕು. ಒಟ್ಟಿಗೆ ಬಾಳಲು ಆಗಿಲ್ಲ ಅನ್ನುವುದು ನಿಜವಾಗಿರಬೇಕು. ಮದುವೆ ಮುಗಿಸೋಣ ಅಂತ ಇಬ್ಬರೂ ಒಪ್ಪಿರಬೇಕು. ಯಾರದು ತಪ್ಪು ಅಂತ ಸಾಬೀತು ಮಾಡುವ ಗೊಡವೆ ಇಲ್ಲ. ನನಗೆ ಈ ದಾರಿ ಇಷ್ಟವಾಗುವುದು ಇದೇ ಕಾರಣಕ್ಕೆ. ಒಬ್ಬರ ಮೇಲೆ ಒಬ್ಬರು ಕೆಸರು ಎರಚಬೇಕಿಲ್ಲ.

"ಬೇರೆ ಬೇರೆ ಇರುವುದು" ಅಂದರೆ ಬೇರೆ ಮನೆಯಲ್ಲೇ ಇರಬೇಕು ಅಂತಲ್ಲ. ಗಂಡ ಹೆಂಡತಿಯಾಗಿ ಬಾಳುವುದು ನಿಂತಿರಬೇಕು, ಅಷ್ಟೆ. ಬಾಡಿಗೆ ಹೊರಲಾರದೆ, ಮಗುವಿನ ಶಾಲೆ ನೋಡಿಕೊಂಡು ಒಂದೇ ಸೂರಿನಡಿ ಬೇರೆ ಕೋಣೆಯಲ್ಲಿ ಇದ್ದವರೂ ಇದಕ್ಕೆ ಬರಬಹುದು. 1991ರಲ್ಲೇ ಸುರೇಷ್ಟಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಯಾವ ತಾರೀಖಿನಿಂದ ಬೇರೆಯಾದಿರಿ ಅನ್ನುವುದನ್ನು ಮಾತ್ರ ಇಬ್ಬರೂ ಕೂತು ಒಂದೇ ಆಗಿ ಬರೆದುಕೊಳ್ಳಿ. ನ್ಯಾಯಾಧೀಶರು ಕೇಳಿದಾಗ ಒಬ್ಬರು ಜೂನ್, ಇನ್ನೊಬ್ಬರು ದೀಪಾವಳಿ ಅನ್ನಬಾರದು.

ಹಂತ 2: ಒಪ್ಪಂದ ಬರೆಯುವುದು

ಇಲ್ಲಿ ಸಮಯ ಕೊಡಿ. ಎಷ್ಟು ಬೇಕೋ ಅಷ್ಟು ಕೊಡಿ.

ನನ್ನ ತಂಗಿಯ ಕರಡು ಪ್ರತಿಯಲ್ಲಿ ಒಡವೆಗಳ ಬಗ್ಗೆ ಇದ್ದದ್ದು ಒಂದೇ ಸಾಲು: "ಎಲ್ಲ ಒಡವೆ ವಸ್ತುಗಳನ್ನು ಪರಸ್ಪರ ಹಿಂದಿರುಗಿಸಲಾಗಿದೆ." ನಮ್ಮ ವಕೀಲರು ಅದನ್ನು ಎಲ್ಲ ಅರ್ಜಿಗೂ ಹಾಕುತ್ತಾರಂತೆ. ನಿಜದಲ್ಲಿ ಏನೂ ವಾಪಸ್ ಬಂದಿರಲಿಲ್ಲ. ಆ ಸಾಲಿಗೆ ಸಹಿ ಹಾಕಿದ್ದರೆ ಅವಳು ಎಲ್ಲ ಸಿಕ್ಕಿದೆ ಅಂತ ಕೋರ್ಟಿಗೆ ಹೇಳಿದ ಹಾಗೆ ಆಗುತ್ತಿತ್ತು. ಆ ಸಂಜೆ ಅಮ್ಮ ಮದುವೆ ಆಲ್ಬಮ್ ತೆಗೆದು ಊಟದ ಮೇಜಿನ ಮೇಲೆ ಹರಡಿದರು. ಒಂದೊಂದು ಫೋಟೋ ನೋಡುತ್ತಾ ಪಟ್ಟಿ ಮಾಡಿದೆವು. ಎರಡೆಳೆ ಅವಲಕ್ಕಿ ಸರ, 32 ಗ್ರಾಂ. ನಾಲ್ಕು ಬಳೆ. ಜುಮುಕಿ ಒಂದು ಜೊತೆ. ಬೆಳ್ಳಿ ದೀಪ ಎರಡು. ಅಂಗಡಿಯ ಬಿಲ್ ಸಿಕ್ಕಿದ್ದಕ್ಕೆ ಬಿಲ್ ಲಗತ್ತಿಸಿದೆವು, ಸಿಗದಿದ್ದಕ್ಕೆ ಫೋಟೋ. ಹಿಂದಿರುಗಿಸುವ ದಿನ ಎರಡೂ ಕಡೆಯವರು ಪಟ್ಟಿ ಹಿಡಿದು ಒಂದೊಂದಕ್ಕೂ ಟಿಕ್ ಹಾಕಿ ಸಹಿ ಮಾಡಿದರು. ಆದರೂ ನಮ್ಮಜ್ಜಿ ಕೊಟ್ಟಿದ್ದ ಕುಂಕುಮದ ಭರಣಿ ಪಟ್ಟಿಗೆ ಸೇರಿರಲಿಲ್ಲ. ಅದು ಆ ಮನೆಯಲ್ಲೇ ಉಳಿಯಿತು. ಬೆಲೆ ಹೆಚ್ಚಿಲ್ಲ. ತಂಗಿ ಇವತ್ತಿಗೂ ಅದನ್ನು ನೆನೆಸಿಕೊಳ್ಳುತ್ತಾಳೆ.

ಹೆಣ್ಣಿಗೆ ಮದುವೆಯಲ್ಲಿ, ಮದುವೆಗೆ ಮುಂಚೆ, ಆಮೇಲೆ ಉಡುಗೊರೆಯಾಗಿ ಬಂದದ್ದು ಸ್ತ್ರೀಧನ. ಅದು ಅವಳದೇ ಸ್ವತ್ತು. ಗಂಡನ ಮನೆಯವರ ಬೀರುವಿನಲ್ಲಿ ಇತ್ತು ಅಂದ ಮಾತ್ರಕ್ಕೆ ಅವರದಾಗುವುದಿಲ್ಲ. ಜೀವನಾಂಶದ ಲೆಕ್ಕವೇ ಬೇರೆ, ಸ್ತ್ರೀಧನದ ಲೆಕ್ಕವೇ ಬೇರೆ. "ಒಡವೆ ಕೊಟ್ಟಿದ್ದೀವಲ್ಲ, ದುಡ್ಡು ಯಾಕೆ?" ಅನ್ನುವ ಮಾತಿಗೆ ಮಣಿಯಬೇಡಿ.

ಇನ್ನು ದುಡ್ಡು. ಶಾಶ್ವತ ಜೀವನಾಂಶಕ್ಕೆ ಕಾಯ್ದೆಯಲ್ಲಿ ಇಷ್ಟೇ ಅನ್ನುವ ಸೂತ್ರ ಇಲ್ಲ. ಇಬ್ಬರ ಆದಾಯ, ಆಸ್ತಿ, ವಯಸ್ಸು, ಮಗು ಯಾರ ಬಳಿ, ಹೆಂಡತಿ ಕೆಲಸ ಬಿಟ್ಟು ಎಷ್ಟು ವರ್ಷ ಮನೆ ನೋಡಿಕೊಂಡಿದ್ದಾಳೆ, ಇವೆಲ್ಲ ನೋಡಿ ಮಾತಾಡಬೇಕು. ಒಂದೇ ಗಂಟಾದರೆ ಒಳ್ಳೆಯದು ಅಂತ ನನ್ನ ಅನಿಸಿಕೆ. ತಿಂಗಳು ತಿಂಗಳು ಕೊಡುವುದು ಅಂತಾದರೆ ಆರನೇ ತಿಂಗಳಿಗೆ ಮತ್ತೆ ಫೋನು, ಮತ್ತೆ ಜಗಳ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಯಾವ ದಿನ, ಯಾವ ರೀತಿ ಅನ್ನುವುದೂ ಇರಲಿ. ಅರ್ಜಿ ಹಾಕಿದಾಗ ಒಂದು ಭಾಗ, ಕೊನೆಯ ವಿಚಾರಣೆಯ ದಿನ ನ್ಯಾಯಾಧೀಶರ ಎದುರೇ ಡಿಡಿ ಕೈಗೆ ಕೊಟ್ಟು ಉಳಿದದ್ದು, ಹೀಗೆ ಮಾಡಿದರೆ ಎರಡೂ ಕಡೆಗೆ ಧೈರ್ಯ. "ಡಿಕ್ರಿ ಆದಮೇಲೆ ಕೊಡ್ತೀನಿ" ಅನ್ನುವುದನ್ನು ಒಪ್ಪಬೇಡಿ. ನಗದು ಬೇಡವೇ ಬೇಡ.

ಮಕ್ಕಳಿದ್ದರೆ ಈ ಭಾಗವೇ ಎಲ್ಲಕ್ಕಿಂತ ಉದ್ದವಾಗಬೇಕು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅಂತ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಅದಕ್ಕಿಂತ ದೊಡ್ಡ ಮಗುವಿನ ವಿಷಯದಲ್ಲಿ ಕೋರ್ಟು ನೋಡುವುದು ಮಗುವಿಗೆ ಯಾವುದು ಒಳ್ಳೆಯದು ಅನ್ನುವುದನ್ನೇ. "ತಂದೆ ಆಗಾಗ ಬಂದು ನೋಡಬಹುದು" ಅಂತ ಬರೆದರೆ ಏನೂ ಬರೆಯದ ಹಾಗೆ. ತಿಂಗಳ ಯಾವ ಶನಿವಾರ, ಎಷ್ಟು ಗಂಟೆಗೆ, ಯಾರು ಕರೆದುಕೊಂಡು ಹೋಗಿ ಯಾರು ತಂದು ಬಿಡಬೇಕು, ದಸರಾ ರಜೆ ಯಾರ ಜೊತೆ, ಬೇಸಿಗೆ ರಜೆ ಹೇಗೆ ಹಂಚಿಕೆ, ಹುಟ್ಟುಹಬ್ಬ, ವಿಡಿಯೋ ಕಾಲ್, ಶಾಲೆ ಬದಲಿಸಬೇಕಾದರೆ ಯಾರು ತೀರ್ಮಾನಿಸಬೇಕು, ಪಾಸ್‌ಪೋರ್ಟಿಗೆ ಸಹಿ ಹಾಕಲು ಇಬ್ಬರೂ ಬದ್ಧರೇ, ಎಲ್ಲ ಬರೆಯಿರಿ. ಮಗುವಿನ ಖರ್ಚು ಬೇರೆ ಕಲಮು. ತಾಯಿ ತನ್ನ ಜೀವನಾಂಶ ಬೇಡ ಅನ್ನಬಹುದು. ಮಗುವಿನ ಪಾಲನ್ನು ಬೇಡ ಅನ್ನುವ ಹಕ್ಕು ಅವಳಿಗಿಲ್ಲ, ಅದು ಮಗುವಿನ ಹಕ್ಕು. ಫೀಸು ವರ್ಷ ವರ್ಷ ಏರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮನೆ ಇಬ್ಬರ ಹೆಸರಿನಲ್ಲಿದ್ದರೆ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಕರ್ನಾಟಕದಲ್ಲಿ ಗಂಡ ಹೆಂಡತಿಯರು ಒಬ್ಬರಿಗೊಬ್ಬರು ದಾನಪತ್ರ ಮಾಡಿಕೊಟ್ಟರೆ ಮುದ್ರಾಂಕ ಶುಲ್ಕ ಒಂದು ಸಣ್ಣ ನಿಗದಿತ ಮೊತ್ತ. ಡಿಕ್ರಿ ಆದ ಮೇಲೆ ನೀವು ಗಂಡ ಹೆಂಡತಿ ಅಲ್ಲ. ಆಗ ಆಸ್ತಿಯ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಕಟ್ಟಬೇಕಾಗಿ ಬರುತ್ತದೆ. ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸ ಕೊನೆಯ ವಿಚಾರಣೆಗೆ ಸ್ವಲ್ಪ ಮುಂಚೆ ಮುಗಿಯುವ ಹಾಗೆ ಯೋಜಿಸಿ. ತೀರಾ ಮುಂಚೆ ಬೇಡ, ಬರೆದುಕೊಟ್ಟ ಮೇಲೆ ಇನ್ನೊಬ್ಬರು ಮನಸ್ಸು ಬದಲಿಸಿದರೆ ಕಷ್ಟ. ಮನೆ ಮೇಲೆ ಸಾಲ ಇದ್ದರೆ ಮೊದಲು ಬ್ಯಾಂಕಿಗೆ ಹೋಗಿ. "ಇನ್ನು ಕಂತು ಅವರೇ ಕಟ್ಟುತ್ತಾರೆ" ಅಂತ ನೀವಿಬ್ಬರು ಬರೆದುಕೊಂಡರೆ ಅದು ನಿಮ್ಮಿಬ್ಬರ ನಡುವಿನ ಮಾತು. ಸಾಲಪತ್ರದಲ್ಲಿ ನಿಮ್ಮ ಸಹಿ ಇರುವವರೆಗೆ ಬ್ಯಾಂಕು ನಿಮ್ಮನ್ನೂ ಕೇಳುತ್ತದೆ.

ಕೊನೆಗೆ, ಈಗಾಗಲೇ ಇರುವ ಕೇಸುಗಳು. ಜೀವನಾಂಶದ ಅರ್ಜಿ, ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿಯ ಅರ್ಜಿ ಇದ್ದರೆ ವಾಪಸ್ ಪಡೆಯಬಹುದು. ಆದರೆ ಗಂಡ, ಗಂಡನ ಮನೆಯವರ ಕ್ರೌರ್ಯದ ಮೇಲಿನ 498ಎ ಕೇಸು (ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85) ಠಾಣೆಯಲ್ಲಿ ದಾಖಲಾಗಿದ್ದರೆ "ರಾಜಿ ಆಗಿದ್ದೇವೆ" ಅಂತ ಬರೆದುಕೊಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ. ಹೈಕೋರ್ಟಿನಲ್ಲಿ ಅರ್ಜಿ ಹಾಕಿ ರದ್ದು ಮಾಡಿಸಬೇಕು. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆಗೆ ಯಾವುದೋ ಅಲ್ಲಿಗೆ. ಹೆಂಡತಿ ಅದಕ್ಕೆ ಸಹಕರಿಸುತ್ತಾಳೆ, ಕೊನೆಯ ಕಂತು ಯಾವಾಗ ಕೈಗೆ ಬರುತ್ತದೆ, ಎರಡನ್ನೂ ಒಪ್ಪಂದದಲ್ಲಿ ಸೇರಿಸಿ.

ಹಂತ 3: ವಕೀಲರು, ಕಾಗದಗಳು, ಯಾವ ಕೋರ್ಟು

ಒಬ್ಬರೇ ವಕೀಲರು ಇಬ್ಬರಿಗೂ ಅರ್ಜಿ ಬರೆದುಕೊಡುವುದು ಉಂಟು. ಖರ್ಚು ಉಳಿಯುತ್ತದೆ ನಿಜ. ಆದರೂ ಒಪ್ಪಂದದ ಪ್ರತಿಯನ್ನು ಸಹಿಗೆ ಮುಂಚೆ ನಿಮ್ಮ ಕಡೆಯ ಬೇರೊಬ್ಬ ವಕೀಲರಿಗೆ ಒಮ್ಮೆ ತೋರಿಸಿ. ನಮಗೆ ಆ ಒಡವೆಯ ಸಾಲು ತಪ್ಪು ಅಂತ ಹೇಳಿದ್ದೇ ಹಾಗೆ ನೋಡಿದ ಇನ್ನೊಬ್ಬರು. ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಲ್ಲ ಜಿಲ್ಲೆಯಲ್ಲೂ ಇದೆ. ಸಹಾಯವಾಣಿ 15100.

ಅರ್ಜಿಯನ್ನು ಮದುವೆಯಾದ ಊರಿನ, ಕೊನೆಯದಾಗಿ ಒಟ್ಟಿಗೆ ಇದ್ದ ಊರಿನ, ಅಥವಾ ಹೆಂಡತಿ ಈಗ ಇರುವ ಊರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಹಾಕಬಹುದು. ಬೆಂಗಳೂರಿನಲ್ಲಿ ಅದು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಸಿವಿಲ್ ಕೋರ್ಟು.

ಬೇಕಾಗುವ ಕಾಗದ ಹೆಚ್ಚಿಲ್ಲ. ಮದುವೆ ನೋಂದಣಿ ಪತ್ರ, ಅದಿಲ್ಲದಿದ್ದರೆ ಲಗ್ನಪತ್ರಿಕೆ ಮತ್ತು ತಾಳಿ ಕಟ್ಟುವ ಹೊತ್ತಿನ ಫೋಟೋ. ಇಬ್ಬರ ಆಧಾರ್, ವಿಳಾಸದ ದಾಖಲೆ, ಪಾಸ್‌ಪೋರ್ಟ್ ಸೈಜಿನ ಫೋಟೋ, ಮಕ್ಕಳ ಜನನ ಪ್ರಮಾಣಪತ್ರ. ಆಸ್ತಿ ಹಂಚಿಕೆ ಇದ್ದರೆ ಅದರ ಪತ್ರಗಳು. ಲಗ್ನಪತ್ರಿಕೆ ಹುಡುಕುವುದೇ ನಮಗೆ ಕಷ್ಟವಾಯಿತು, ಕೊನೆಗೆ ಚಿಕ್ಕಮ್ಮನ ಮನೆಯಲ್ಲಿ ಒಂದು ಸಿಕ್ಕಿತು.

ಹಂತ 4: ಅರ್ಜಿ ಹಾಕಿ ಮೊದಲ ಸಲ ನಿಲ್ಲುವುದು

ಅರ್ಜಿಗೆ ಇಬ್ಬರೂ ಸಹಿ ಹಾಕಿ, ಪ್ರಮಾಣಪತ್ರ ಸೇರಿಸಿ ಸಲ್ಲಿಸುತ್ತೀರಿ. ಎಂ.ಸಿ. ಅಂತ ಶುರುವಾಗುವ ಒಂದು ನಂಬರ್ ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಖು ನೀವೇ ನೋಡಿಕೊಳ್ಳಬಹುದು, ಪ್ರತಿ ಸಲ ವಕೀಲರಿಗೆ ಫೋನ್ ಮಾಡಬೇಕಿಲ್ಲ. ಒಂದೊಂದು ಕೋರ್ಟಿನಲ್ಲಿ ಕ್ರಮ ಸ್ವಲ್ಪ ಹಿಂದೆ ಮುಂದೆ ಇರುತ್ತದೆ. ಕೌನ್ಸೆಲಿಂಗ್‌ಗೋ ಮಧ್ಯಸ್ಥಿಕೆ ಕೇಂದ್ರಕ್ಕೋ ಕಳಿಸಬಹುದು. ಅದನ್ನು ಅಡ್ಡಿ ಅಂತ ನೋಡಬೇಡಿ. ರಾಜಿಗೆ ಪ್ರಯತ್ನಿಸುವುದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಕೋರ್ಟಿಗೆ ಕೊಟ್ಟಿರುವ ಕೆಲಸ. ಒಪ್ಪಂದದಲ್ಲಿ ಬಿಟ್ಟುಹೋದದ್ದನ್ನು ಸರಿಮಾಡಿಕೊಳ್ಳಲು ಅಲ್ಲಿ ಅವಕಾಶವೂ ಸಿಗುತ್ತದೆ.

ಬೆಳಿಗ್ಗೆ ಹತ್ತೂವರೆಗೆ ಹೋದರೆ ನಿಮ್ಮ ಹೆಸರು ಕೂಗುವುದು ಮಧ್ಯಾಹ್ನ ಆಗಬಹುದು. ತಿಂಡಿ ತಿಂದು ಹೋಗಿ, ನೀರು ಜೊತೆಗಿರಲಿ. ಮಗುವನ್ನು ಕರೆದುಕೊಂಡು ಹೋಗಬೇಡಿ. ಒಳಗೆ ಕೇಳುವುದು ನೇರವಾದ ಪ್ರಶ್ನೆಗಳು. ಮದುವೆ ಯಾವಾಗ ಆಯಿತು? ಯಾವಾಗಿನಿಂದ ಬೇರೆ ಇದ್ದೀರಿ? ಯಾರಾದರೂ ಒತ್ತಾಯ ಮಾಡಿದ್ದಾರಾ? ಒಪ್ಪಂದ ಓದಿದ್ದೀರಾ? ಕನ್ನಡದಲ್ಲೇ ಉತ್ತರ ಕೊಡಿ. ಅರ್ಜಿ ಇಂಗ್ಲಿಷಿನಲ್ಲಿದ್ದು ನಿಮಗೆ ಪೂರ್ತಿ ಅರ್ಥವಾಗಿಲ್ಲದಿದ್ದರೆ ಅಲ್ಲೇ ಹೇಳಿ, ನಾಚಿಕೆ ಬೇಡ. ಒತ್ತಾಯ ಇದ್ದರೆ ಅದನ್ನು ಹೇಳಲೂ ಅದೇ ಜಾಗ.

ಹಂತ 5: ಆರು ತಿಂಗಳು

ಅರ್ಜಿ ಸಲ್ಲಿಸಿದ ದಿನದಿಂದ ಆರು ತಿಂಗಳು ಕಾಯಬೇಕು. ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ವಿಚ್ಛೇದನ ಕೊಡಿ ಅಂತ ಕೇಳಬೇಕು. ಇದು ಮನಸ್ಸು ಬದಲಾಯಿಸಲು ಕೊಟ್ಟ ಕಾಲ. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು. ಹಾಗಾದರೆ ಈ ದಾರಿ ಅಲ್ಲಿಗೇ ನಿಲ್ಲುತ್ತದೆ. ಬೇಕು ಅನ್ನುವವರು ಕ್ರೌರ್ಯ, ತೊರೆದು ಹೋಗಿದ್ದು ಇಂಥ ಕಾರಣ ಹಿಡಿದು ಸೆಕ್ಷನ್ 13ರಡಿ ಬೇರೆ ಕೇಸು ಹಾಕಬೇಕು.

ಆರು ತಿಂಗಳು ಮನ್ನಾ ಮಾಡಿಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮಾಡಿಸಬಹುದು. 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯುವಿಕೆ ಕಡ್ಡಾಯವಲ್ಲ ಅಂತ ಹೇಳಿತು. ಕೋರ್ಟು ನೋಡುವುದು ಇಷ್ಟು: ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದೀರಾ, ರಾಜಿ ಪ್ರಯತ್ನ ವಿಫಲವಾಗಿದೆಯಾ, ಜೀವನಾಂಶ, ಮಕ್ಕಳು, ಉಳಿದ ಎಲ್ಲ ವಿಷಯ ಇತ್ಯರ್ಥವಾಗಿದೆಯಾ, ಇನ್ನೂ ಕಾದರೆ ಸಂಕಟ ಹೆಚ್ಚುವುದೇ ಹೊರತು ಬೇರೇನಿಲ್ಲವಾ. ಮೊದಲ ಹಾಜರಿಯ ಒಂದು ವಾರದ ನಂತರ ಕಾರಣ ಬರೆದು ಅರ್ಜಿ ಹಾಕಬಹುದು. ಕೊಡುವುದು ಬಿಡುವುದು ಆ ನ್ಯಾಯಾಲಯದ ವಿವೇಚನೆ. ತಂಗಿ ಬೇರೆಯಾಗಿ ಹದಿನಾಲ್ಕು ತಿಂಗಳಾಗಿತ್ತಷ್ಟೆ. ನಾವು ಕೇಳಲಿಲ್ಲ, ಕಾದೆವು.

ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಅಂತ ನೇರವಾಗಿ ವಿಚ್ಛೇದನ ಕೊಡುವ ಅಧಿಕಾರ ಸುಪ್ರೀಂ ಕೋರ್ಟಿಗೆ ಇದೆ, ಸಂವಿಧಾನದ 142ನೇ ವಿಧಿಯಡಿ. 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಹೇಳಿತು. ಪೇಪರಿನಲ್ಲಿ ಅದನ್ನು ಓದಿ "ಈಗ ಕಾಯಲೇಬೇಕಿಲ್ಲವಂತೆ" ಅಂದವರು ಬಹಳ. ಕೌಟುಂಬಿಕ ನ್ಯಾಯಾಲಯಕ್ಕೆ ಆ ಅಧಿಕಾರ ಇಲ್ಲ.

ಹೊರದೇಶದಲ್ಲಿ ಇರುವವರು ಪ್ರತಿ ಸಲ ವಿಮಾನ ಹತ್ತಿ ಬರಬೇಕಾ? ವಿಡಿಯೋ ಕಾನ್ಫರೆನ್ಸ್ ಬಳಸಬಹುದು, ತಂದೆ ತಾಯಿ, ಒಡಹುಟ್ಟಿದವರಂಥ ಹತ್ತಿರದವರು ಪರವಾಗಿ ನಿಲ್ಲಲೂ ಅನುಮತಿ ಕೊಡಬಹುದು ಅಂತ ಅದೇ 2017ರ ತೀರ್ಪಿನಲ್ಲಿದೆ. ಮೊದಲೇ ಅರ್ಜಿ ಹಾಕಿ ಕೇಳಬೇಕು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಒಬ್ಬರೇ ಪಡೆದುಕೊಂಡ ಡಿಕ್ರಿ, ಇನ್ನೊಬ್ಬರು ಅದಕ್ಕೆ ಒಪ್ಪದಿದ್ದರೆ, ಇಲ್ಲಿ ನಿಲ್ಲುವುದು ಕಷ್ಟ.

ಹಂತ 6: ಎರಡನೇ ಹಾಜರಿ, ಡಿಕ್ರಿ

ಮತ್ತೆ ಇಬ್ಬರೂ ಹೋಗಿ ಹೇಳಿಕೆ ಕೊಡುತ್ತೀರಿ. ಆ ದಿನ ಒಪ್ಪಂದದ ಪ್ರಕಾರ ಕೊಡಬೇಕಾದದ್ದು ಕೈ ಸೇರಿದೆಯಾ ನೋಡಿಕೊಂಡೇ "ಸಿಕ್ಕಿದೆ" ಅನ್ನಿ. ಡಿಡಿಯ ನಂಬರ್, ತಾರೀಖು, ಬ್ಯಾಂಕಿನ ಹೆಸರು ಹೇಳಿಕೆಯಲ್ಲಿ ಬರಲಿ. ಎಲ್ಲ ಸರಿಯಿದ್ದರೆ ಡಿಕ್ರಿ ಆಗುತ್ತದೆ. ತಂಗಿ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಸುಮ್ನೆ ಅತ್ತಳು. ಅವಳ ಗಂಡ, ಆಗಿನ್ನೂ ಹಾಗೇ ಬಾಯಿಗೆ ಬರುತ್ತಿತ್ತು, ಒಂದು ಬಾಟಲಿ ನೀರು ತಂದು ಪಕ್ಕದಲ್ಲಿಟ್ಟು ಹೋದ. ಆ ದಿನ ಜೊತೆಗೆ ಯಾರಾದರೂ ಇರಲಿ. ಅವತ್ತು ಆಫೀಸಿಗೆ ವಾಪಸ್ ಹೋಗುವ ಯೋಚನೆ ಬೇಡ.

ಇಬ್ಬರ ಒಪ್ಪಿಗೆಯಿಂದ ಕೌಟುಂಬಿಕ ನ್ಯಾಯಾಲಯ ಕೊಟ್ಟ ಡಿಕ್ರಿಗೆ ಮೇಲ್ಮನವಿ ಇಲ್ಲ. ಸಹಿಗೆ ಮುಂಚೆ ಓದಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಹಂತ 7: ಡಿಕ್ರಿ ಕೈಗೆ ಬಂದ ಮೇಲೆ

ದೃಢೀಕೃತ ಪ್ರತಿಗೆ ಅವತ್ತೇ ಅರ್ಜಿ ಹಾಕಿಸಿ. ನಾಲ್ಕೈದು ಪ್ರತಿ ತೆಗೆದುಕೊಳ್ಳಿ. ಹೆಸರು, ಮದುವೆಯ ತಾರೀಖು, ಕೇಸ್ ನಂಬರ್ ಸರಿಯಾಗಿದೆಯಾ ಅಂತ ಅಲ್ಲೇ ನಿಂತು ಓದಿ. ಒಂದಕ್ಷರ ತಪ್ಪಿದ್ದರೂ ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರು ತೆಗೆಸುವಾಗ ತೊಂದರೆ.

ಆಮೇಲೆ ಒಂದು ಬೆಳಿಗ್ಗೆ ಪುರುಸೊತ್ತು ಮಾಡಿಕೊಂಡು ಕೂತುಕೊಳ್ಳಿ. ಎಲ್ಐಸಿ, ಪಿಎಫ್, ಬ್ಯಾಂಕ್ ಖಾತೆ, ಮ್ಯೂಚುವಲ್ ಫಂಡ್, ಒಂದೊಂದರಲ್ಲೂ ನಾಮಿನಿ ಯಾರು ಅಂತ ನೋಡಿ ಬದಲಿಸಿ. ಡಿಕ್ರಿ ಆಯಿತು ಅಂತ ನಾಮಿನಿ ತಾನಾಗಿ ಬದಲಾಗುತ್ತದೆ ಅಂತ ಕಾಯಬೇಡಿ. ಕಂಪನಿಯ ಆರೋಗ್ಯ ವಿಮೆಯಲ್ಲಿ ಸಂಗಾತಿಯಾಗಿ ಸೇರಿದ್ದವರು ಹೊಸ ಪಾಲಿಸಿಯನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ, ಮಧ್ಯೆ ಒಂದು ದಿನವೂ ಖಾಲಿ ಬಿಡಬೇಡಿ. ಪಡಿತರ ಚೀಟಿ, ಆಧಾರ್ ವಿಳಾಸ, ಜಂಟಿ ಖಾತೆ, ಗ್ಯಾಸ್ ಕನೆಕ್ಷನ್. ಮಗುವಿನ ಶಾಲೆಗೆ ಹೋಗಿ ಕ್ಲಾಸ್ ಟೀಚರ್ ಹತ್ತಿರ ಎರಡು ನಿಮಿಷ ಮಾತಾಡಿ, ಸಂಜೆ ಯಾರು ಯಾರು ಬಂದು ಕರೆದುಕೊಂಡು ಹೋಗಬಹುದು ಅಂತ ಬರೆದುಕೊಡಿ. ಒಪ್ಪಂದದ ಒಂದು ಪ್ರತಿಯನ್ನು ಬೀರುವಿನಲ್ಲಿಡಿ, ಇನ್ನೊಂದರ ಫೋಟೋ ಫೋನಿನಲ್ಲಿರಲಿ. ಮೊದಲನೇ ದಸರಾ ರಜೆ ಬರುವ ಹೊತ್ತಿಗೆ ಅದನ್ನು ತೆಗೆದು ನೋಡಬೇಕಾಗುತ್ತದೆ.